ಅಳಿಸಿದರೆ ಮಾತ್ರ ದೊಡ್ಡವನೇ?

ಮೂಕಿ ಸಿನಿಮಾ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ಚಾಪ್ಲಿನ್ ನಗಿಸುತ್ತಲೇ ಅಳಿಸುತ್ತಾನೆ, ಕೀಟನ್ ಬರೀ ಬೀಳುತ್ತಾನೆ, ಏಳುತ್ತಾನೆ. ಆ ಕಲ್ಲುಮುಖದವನಿಗೆ ನಾಲ್ಕು ಪುಟ ಯಾಕೆ ದಂಡ ಮಾಡಿದಿರಿ?

ಮೇಷ್ಟ್ರೇ, ನಿಮ್ಮ ಪತ್ರ ಇಷ್ಟವಾಯಿತು. ಮೂಕಿ ಸಿನಿಮಾದ ವಿಷಯಕ್ಕೆ ಈಗ ಯಾರು ಜಗಳ ಆಡ್ತಾರೆ ಹೇಳಿ. ಚಾಪ್ಲಿನ್ ಬಗ್ಗೆ ನನ್ನದೇನೂ ತಕರಾರಿಲ್ಲ. ‘ಸಿಟಿ ಲೈಟ್ಸ್’ ಕೊನೆಯಲ್ಲಿ ಹೂ ಮಾರುವ ಹುಡುಗಿ ಅವನ ಕೈ ಮುಟ್ಟಿ ಗುರುತು ಹಿಡಿಯುತ್ತಾಳಲ್ಲ, ಅಲ್ಲಿ ನನಗೂ ಗಂಟಲು ಕಟ್ಟುತ್ತದೆ. ಆಯ್ತು, ಚಾಪ್ಲಿನ್ ದೊಡ್ಡವನು. ಈಗ ನನ್ನ ಕೀಟನ್ ವಿಷಯಕ್ಕೆ ಬರೋಣ.

ಅವನು ಹುಟ್ಟಿದ್ದು 1895ರಲ್ಲಿ, ಅಮೆರಿಕದಲ್ಲಿ ಊರೂರು ತಿರುಗಿ ಸ್ಟೇಜಿನ ಮೇಲೆ ಆಟ ಆಡುತ್ತಿದ್ದ ಅಪ್ಪ ಅಮ್ಮನಿಗೆ. ಆಟ ಏನಪ್ಪಾ ಅಂದರೆ, ಮಾತು ಕೇಳದ ಮಗನನ್ನು ಅಪ್ಪ ಎತ್ತಿ ಎತ್ತಿ ಒಗೆಯುವುದು! ಹಿಡಿಯಲು ಅನುಕೂಲವಾಗಲಿ ಅಂತ ಹುಡುಗನ ಬಟ್ಟೆಗೆ ಸೂಟ್‌ಕೇಸಿನ ಹಿಡಿಕೆ ಬೇರೆ ಹೊಲಿದಿದ್ದರು. ಬಿದ್ದ ಮೇಲೆ ತಾನು ನಕ್ಕರೆ ಜನ ಅಷ್ಟು ನಗುವುದಿಲ್ಲ, ಮುಖ ಗಂಟು ಹಾಕಿಕೊಂಡು ಎದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅನ್ನುವುದು ಅವನಿಗೆ ಆ ವಯಸ್ಸಿಗೇ ಗೊತ್ತಾಗಿಹೋಯಿತು. ನೀವು ಕಲ್ಲು ಅಂದ ಮುಖ ಹಾಗೆ ಪೆಟ್ಟು ತಿಂದು ತಿಂದು ಆದದ್ದು. ಅದರಲ್ಲಿ ಕಣ್ಣು ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ, ನೋಡಿ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದು ಇಳಿಯುವುದರಿಂದ ಬಚಾವು. ಗೋಡೆ ಸುಳ್ಳಲ್ಲ, ತೂಕ ಸುಳ್ಳಲ್ಲ, ಅಕ್ಕಪಕ್ಕ ಕೆಲವೇ ಇಂಚು ಜಾಗ. ಅವನು ಏನು ಮಾಡುತ್ತಾನೆ? ಏನಾಯ್ತು ಅಂತ ಒಮ್ಮೆ ನೋಡಿ ಅಲ್ಲಿಂದ ಓಡುತ್ತಾನೆ, ಅಷ್ಟೇ. ನಮ್ಮ ಕಡೆ ತಿರುಗಿ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವ ಆಸೆ ಅವನಿಗಿಲ್ಲ. ‘ಶೆರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ರೈಲಿಗೆ ನೀರು ತುಂಬಿಸುವ ಕೊಳವೆಯ ರಭಸಕ್ಕೆ ಹಳಿಯ ಮೇಲೆ ಬಿದ್ದ. ಕತ್ತಿನ ಮೂಳೆ ಮುರಿದಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಎಕ್ಸ್‌ರೇ ತೆಗೆದಾಗ.

ಬೀಳುವುದು ಏಳುವುದು ಸಣ್ಣ ಕೆಲಸ ಅಂತೀರಲ್ಲ, ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನನ್ನು ನೆನೆಸಿಕೊಳ್ಳಿ. 1919ರಲ್ಲಿ ಫೋಟೋ ತೆಗೆಯುವಾಗ ಆಟದ್ದು ಅಂದುಕೊಂಡಿದ್ದ ಬಾಂಬು ನಿಜವಾಗಿ ಸಿಡಿದು ಬಲಗೈಯ ಎರಡು ಬೆರಳು ಹೋದವು. ಆಮೇಲೆ ‘ಸೇಫ್ಟಿ ಲಾಸ್ಟ್’ನಲ್ಲಿ ಗಡಿಯಾರದ ಮುಳ್ಳು ಹಿಡಿದು ನೇತಾಡಿದ್ದು ಗ್ಲೌಸಿನಲ್ಲಿ ಮುಚ್ಚಿದ ಅದೇ ಕೈಯಲ್ಲಿ.

‘ದಿ ಜನರಲ್’ ಚಿತ್ರಕ್ಕೆ ಕೀಟನ್ 1926ರಲ್ಲಿ ಆರೆಗಾನ್‌ನ ಕಾಟೇಜ್ ಗ್ರೋವ್ ಹತ್ತಿರ ನಿಜವಾದ ರೈಲು ಎಂಜಿನನ್ನೇ ಉರಿಯುವ ಸೇತುವೆಯಿಂದ ನದಿಗೆ ಬೀಳಿಸಿದ. ಚಿತ್ರ ಓಡಲಿಲ್ಲ. ವಿಮರ್ಶಕರೂ ಮುಖ ಸಿಂಡರಿಸಿದರು. 1928ರಲ್ಲಿ ಎಂಜಿಎಂ ಸ್ಟುಡಿಯೋ ಸೇರಿದ, ಸ್ವಂತ ಇಷ್ಟಕ್ಕೆ ಚಿತ್ರ ಮಾಡುವ ಸ್ವಾತಂತ್ರ್ಯ ಕಳೆದುಕೊಂಡ. ಜನಕ್ಕೆ ಮರೆತೇಹೋದ. ಆಗ 1952ರ ‘ಲೈಮ್‌ಲೈಟ್’ಗೆ ಅವನನ್ನು ಕರೆದವನು ಯಾರು ಗೊತ್ತಾ? ನಿಮ್ಮ ಚಾಪ್ಲಿನ್. ಅದರಲ್ಲಿ ಕೀಟನ್ ಪಿಯಾನೋ ಮುಂದೆ ಕೂತು, ಜಾರಿ ಬೀಳುವ ಹಾಳೆಗಳ ಜೊತೆ ಗುದ್ದಾಡುವುದನ್ನು ನೋಡಿ. ಕಣ್ಣು ಚಾಪ್ಲಿನ್ ಕಡೆ ಹೋದರೆ ಹೇಳಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ ಮೇಷ್ಟ್ರೇ. ಅಳಿಸದೆ ಬರೀ ನಗಿಸುವವನನ್ನು ಕೆಳಗೆ ಕೂರಿಸುವುದು ನಮಗೆಲ್ಲ ಅಭ್ಯಾಸವಾಗಿದೆ. ಕಥಾಸ್ಪರ್ಧೆಗೆ ಬಂದ ಕಥೆಯಲ್ಲಿ ಯಾರೂ ಸಾಯದಿದ್ದರೆ ತೀರ್ಪುಗಾರರಿಗೆ ಸಮಾಧಾನವಿಲ್ಲ. ಸಿನಿಮಾದಲ್ಲಿ ಹಾಸ್ಯನಟ ಇರುವುದು ಹೀರೋ ಪಕ್ಕ ನಿಂತು ತಲೆ ಮೇಲೆ ಏಟು ತಿನ್ನಲಿಕ್ಕೆ. ನಗಿಸುವುದರಲ್ಲಿ ಯಾರಿಗೂ ಕಡಿಮೆ ಇಲ್ಲದ ಟಿ.ಪಿ. ಕೈಲಾಸಂ ‘ವಸಂತಸೇನಾ’ ಅನ್ನುವ ಮೂಕಿ ಚಿತ್ರದಲ್ಲಿ ನಟಿಸಿದ್ದರು. ತೆರೆಯ ಮೇಲೆ ಕೈಲಾಸಂ ಹೇಗಿದ್ದರು ಅಂತ ನೋಡಬೇಕು ಅನ್ನಿಸಿದರೆ ಎಲ್ಲಿಗೆ ಹೋಗೋಣ? ಅಮೆರಿಕದಲ್ಲೂ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14ರಷ್ಟು ಮಾತ್ರ. ಅಷ್ಟಾದರೂ ಲೆಕ್ಕ ಇಟ್ಟಿದ್ದಾರೆ, ಪುಣ್ಯಾತ್ಮರು.

ಉಳಿದದ್ದನ್ನಾದರೂ ನೆಟ್ಟಗೆ ನೋಡ್ತೀವಾ? ಮೊಬೈಲಿನಲ್ಲಿ ಅರ್ಧ ನಿಮಿಷದ ತುಂಡು, ಸ್ಪೀಡು ಜಾಸ್ತಿ, ಮೇಲೊಂದು ಕಿರುಚುವ ಹಾಡು. ಪಿಯಾನೋ ನುಡಿಸುವವರನ್ನೋ ಆರ್ಕೆಸ್ಟ್ರಾವನ್ನೋ ಕೂರಿಸಿಕೊಂಡು ತೋರಿಸುತ್ತಿದ್ದ ಚಿತ್ರಗಳಿವು, ಸ್ವಾಮಿ. ನೀವೂ ಕೀಟನ್‌ನನ್ನು ಹೀಗೇ ತುಂಡು ತುಂಡಾಗಿ ನೋಡಿದ್ದೀರಿ ಅಂತ ನನ್ನ ಗುಮಾನಿ.

ಹಾಗಾಗಿ ಒಂದು ಕೆಲಸ ಮಾಡಿ. 1920ರ ‘ಒನ್ ವೀಕ್’ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ, ಅರ್ಧ ಗಂಟೆಯೂ ಇಲ್ಲ. ಹೊಸದಾಗಿ ಮದುವೆಯಾದವರು ಪೆಟ್ಟಿಗೆಯಲ್ಲಿ ಬಂದ ಮನೆ ಜೋಡಿಸಿಕೊಳ್ಳುವ ಕಥೆ. ಮೊಮ್ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಆಮೇಲೂ ಬಯ್ಯಬೇಕು ಅನ್ನಿಸಿದರೆ ಬರೆಯಿರಿ, ಒಂದಕ್ಷರ ಕತ್ತರಿಸದೆ ಹಾಕ್ತೀನಿ.

– ಸಂಪಾದಕ