ಫುಲ್ ಬಾಡಿ ಪ್ಯಾಕೇಜ್ ಬಿಡಿ, ಬೆಳಗ್ಗೆ ಎಂಟಕ್ಕೆ ರಕ್ತ ಕೊಡಿ

‘ಟಿಎಸ್‌ಎಚ್ ನಾರ್ಮಲ್, ಥೈರಾಯ್ಡ್ ಇಲ್ಲ ಅಂದರು’ ಎಂಬ ನಿಮ್ಮ ಸಾಲು ಓದಿದಾಗ ನನ್ನದೇ ಹಳೇ ರಿಪೋರ್ಟ್ ಕೈಗೆ ಸಿಕ್ಕ ಹಾಗಾಯಿತು. ನಿಮಗೆ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಆಮೇಲೆ ಎದೆಹಾಲಿಲ್ಲ, ಎಂಟು ತಿಂಗಳಾದರೂ ಮುಟ್ಟಾಗಿಲ್ಲ, ಸದಾ ಸುಸ್ತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಯಾವ ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದರೆ ಪಿಟ್ಯುಟರಿಯ (ಮಿದುಳಿನ ಬುಡದಲ್ಲಿದ್ದು ಬೇರೆ ಗ್ರಂಥಿಗಳನ್ನು ನಡೆಸುವ ಗ್ರಂಥಿ) ತೊಂದರೆ ಬೇಗ ಸಿಗುತ್ತದೆ ಎಂದು ಕೇಳಿದ್ದೀರಿ. ಯಾವುದರಲ್ಲೂ ಸಿಗುವುದಿಲ್ಲ ಮಾರಾಯ್ರೆ. ಎಂಬತ್ತು ಟೆಸ್ಟಿನ ಪ್ಯಾಕೇಜಿನಲ್ಲೂ ಸಾಮಾನ್ಯವಾಗಿ ಬೇಕಾದ ನಾಲ್ಕೈದು ಇರುವುದಿಲ್ಲ.

ನನ್ನನ್ನು ದಾರಿ ತಪ್ಪಿಸಿದ್ದೂ ಆ ಒಂದು ಅಂಕಿಯೇ. ಟಿಎಸ್‌ಎಚ್ ಎಂದರೆ ಥೈರಾಯ್ಡಿಗೆ ಆರ್ಡರ್ ಕೊಡುವ ಹಾರ್ಮೋನು, ಅದು ತಯಾರಾಗುವುದು ಪಿಟ್ಯುಟರಿಯಲ್ಲಿ. ಥೈರಾಯ್ಡ್ ಸೋತರೆ ಅದು ಏರುತ್ತದೆ. ಚೆಕಪ್‌ಗಳೆಲ್ಲ ಹುಡುಕುವುದು ಈ ಏರಿಕೆಯನ್ನೇ. ಪಿಟ್ಯುಟರಿಯೇ ಸೋತರೆ? ಉಡುಪಿ ಹೋಟೆಲಿನಲ್ಲಿ ಆರ್ಡರ್ ಕೂಗುವ ಸಪ್ಲೈಯರ್‌ಗೆ ಗಂಟಲು ಕಟ್ಟಿದರೆ ಗಲಾಟೆಯೂ ಇಲ್ಲ, ದೋಸೆಯೂ ಇಲ್ಲ. ಥೈರಾಯ್ಡ್ ತಯಾರಿಸುವ ಹಾರ್ಮೋನು ಟಿ4 ಇಳಿಯುತ್ತದೆ, ಟಿಎಸ್‌ಎಚ್ ಮಾತ್ರ ಕಡಿಮೆ ಇರಬಹುದು, ನಾರ್ಮಲ್ ಇರಬಹುದು, ತುಸು ಹೆಚ್ಚೂ ಇರಬಹುದು. ಹೆಚ್ಚಿದ್ದರೂ ಅದು ಕಸುವಿಲ್ಲದ ಟಿಎಸ್‌ಎಚ್. ಮೆಷಿನ್ ಅದನ್ನು ಎಣಿಸುತ್ತದೆ, ಥೈರಾಯ್ಡ್ ಕದಲುವುದಿಲ್ಲ. ಹಾಗಾಗಿ ಅದೇ ರಕ್ತದಲ್ಲಿ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಮಾಡಿಸಿ. ಟೋಟಲ್ ಟಿ4 ಸಾಲದು, ಗರ್ಭನಿರೋಧಕ ಮಾತ್ರೆ ತಿಂದರೂ ಅದು ಏರುತ್ತದೆ. ಫ್ರೀ ಟಿ4 ಕಡಿಮೆಯಿದ್ದು ಟಿಎಸ್‌ಎಚ್ ಅದಕ್ಕೆ ತಕ್ಕಂತೆ ಏರಿರದಿದ್ದರೆ ಪಿಟ್ಯುಟರಿಯ ಮೇಲೆ ಸಂಶಯ ಪಡಲೇಬೇಕು.

ಪಿಟ್ಯುಟರಿ ಅಂಡಾಶಯಕ್ಕೆ ಕಳಿಸುವ ಎಫ್‌ಎಸ್‌ಎಚ್, ಎಲ್‌ಎಚ್‌ಗೂ ಇದೇ ಲೆಕ್ಕ. ಅಂಡಾಶಯದ ಹಾರ್ಮೋನು ಎಸ್ಟ್ರಡೈಯಾಲ್ ಬಿದ್ದಿದ್ದರೂ ಎಫ್‌ಎಸ್‌ಎಚ್ ಏರದಿದ್ದರೆ ತೊಂದರೆ ಅಂಡಾಶಯದ್ದಲ್ಲ, ಮೇಲೆ ಪಿಟ್ಯುಟರಿ ಕಡೆಯದು.

ಎಲ್ಲಕ್ಕಿಂತ ಮುಖ್ಯ ಕಾರ್ಟಿಸಾಲ್, ಪಿಟ್ಯುಟರಿಯ ಆರ್ಡರ್ ಮೇಲೆ ಅಡ್ರಿನಲ್ ಗ್ರಂಥಿ ತಯಾರಿಸುವ, ಬಿಪಿ ಕಾಯುವ ಹಾರ್ಮೋನು. ಬೆಳಗ್ಗೆ 8ರಿಂದ 9ರೊಳಗೆ ರಕ್ತ ಕೊಡಬೇಕು, ಸಂಜೆಯದಕ್ಕೆ ಅರ್ಥವಿಲ್ಲ. ಐರೋಲಿಯ ಐಟಿ ಕಂಪನಿಗಳಲ್ಲಿ ನೈಟ್ ಶಿಫ್ಟ್ ಮಾಡುವವರಿಗೆ ಈ ಗಂಟೆಯೂ ಹೊಂದುವುದಿಲ್ಲ, ನಿದ್ದೆಯ ಹೊತ್ತನ್ನು ಡಾಕ್ಟರಿಗೆ ಹೇಳಬೇಕು. ಸ್ಥೂಲವಾಗಿ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಬಹುತೇಕ ಖಚಿತ, 15ರ ಮೇಲಿದ್ದರೆ ಸಂಭವ ಕಡಿಮೆ. ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮತ್ತೆ ಅಳೆಯುತ್ತಾರೆ. ಕಲೆಗೆ ಹಚ್ಚುವ ಸ್ಟೀರಾಯ್ಡ್ ಕ್ರೀಮ್, ಮಂಡಿಗೆ ಚುಚ್ಚಿಸಿಕೊಂಡ ಸ್ಟೀರಾಯ್ಡ್ ಕಾರ್ಟಿಸಾಲನ್ನು ತಗ್ಗಿಸಬಲ್ಲವು. ಗರ್ಭನಿರೋಧಕ ಮಾತ್ರೆ ಅದನ್ನು ಹುಸಿಯಾಗಿ ಏರಿಸುತ್ತದೆ.

ಕಾರ್ಟಿಸಾಲ್ ನೋಡದೆ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಶುರು ಮಾಡಬೇಡಿ, ಯಾರೇ ಬರೆದುಕೊಟ್ಟರೂ. ಥೈರಾಕ್ಸಿನ್ ದೇಹದ ಗತಿ ಏರಿಸಿ ಇರುವ ಚೂರು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ, ಬಿಪಿ ಕುಸಿಯಬಹುದು. ಕಾರ್ಟಿಸಾಲ್ ಕೊರತೆ ಇದ್ದರೆ ಮೊದಲು ಅದನ್ನು ತುಂಬುವ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ನಿಮ್ಮ ಹಳೇ ರಿಪೋರ್ಟಿನಲ್ಲಿ ಸೋಡಿಯಂ 135ಕ್ಕಿಂತ ಕೆಳಗಿದೆಯಾ ನೋಡಿ, ಯಾರೂ ಗಮನಿಸದ ಸುಳಿವು ಅದು.

ಡಾಕ್ಟರ್ ಎಸಿಟಿಎಚ್ (ಪಿಟ್ಯುಟರಿ ಅಡ್ರಿನಲ್‌ಗೆ ಕಳಿಸುವ ಹಾರ್ಮೋನು) ಟೆಸ್ಟ್ ಬರೆದಿದ್ದರೆ ಮನೆಗೆ ಬಂದು ರಕ್ತ ತೆಗೆಯುವವರಿಗೆ ಕೊಡಬೇಡಿ. ನೇರಳೆ ಮುಚ್ಚಳದ ಟ್ಯೂಬು ಐಸಿನಲ್ಲೇ ಇರಬೇಕು, ಬೇಗ ಸೆಂಟ್ರಿಫ್ಯೂಜ್ ಆಗಬೇಕು. ಬೈಕಿನ ಡಬ್ಬಿಯಲ್ಲಿ ಊರೆಲ್ಲ ಸುತ್ತಿದರೆ ಹುಸಿಯಾಗಿ ಕಡಿಮೆ ತೋರಿಸುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳಿ ಕನಿಷ್ಠ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಕೆಲವು ಮೆಷಿನ್‌ಗಳಲ್ಲಿ ಟಿಎಸ್‌ಎಚ್ ಇಳಿದಂತೆ, ಫ್ರೀ ಟಿ4 ಏರಿದಂತೆ ಬರುತ್ತದೆ.

ಹಾಲು ತರಿಸುವ ಪಿಟ್ಯುಟರಿ ಹಾರ್ಮೋನು ಪ್ರೊಲ್ಯಾಕ್ಟಿನ್ ನಿಮ್ಮಲ್ಲಿ ಕಡಿಮೆ ಇರಬಹುದು. ಹಾಲು ಬರಲೆಂದು ಡೊಂಪೆರಿಡೋನ್ ಕೊಟ್ಟಿದ್ದರೆ ಹೇಳಿ, ಅದು ಏರಿಸುತ್ತದೆ. ಗ್ರೋತ್ ಹಾರ್ಮೋನನ್ನು ಸುಮ್ಮನೆ ಒಂದು ಸಲ ಅಳೆಯುವುದು ದುಡ್ಡು ದಂಡ, ಅದರ ಪ್ರಭಾವದಿಂದ ತಯಾರಾಗುವ ಐಜಿಎಫ್-1 ಸಾಕು.

ನಿಮ್ಮ ಲಕ್ಷಣಗಳಿಗೆ ಹೆಸರಿದೆ: ಶೀಹನ್ ಸಿಂಡ್ರೋಮ್, ಹೆರಿಗೆಯ ರಕ್ತಸ್ರಾವದಿಂದ ಪಿಟ್ಯುಟರಿ ಹಾಳಾಗುವುದು. 1937ರಲ್ಲೇ ವಿವರಿಸಿದ್ದು. ಅದೇ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರು. ಮುಂಬೈನ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಎಂಆರ್‌ಐ ಆಮೇಲಿನ ಮಾತು. ಈ ನಡುವೆ ವಾಂತಿ, ಮಂಪರು, ಎದ್ದರೆ ಕಣ್ಣು ಕತ್ತಲೆ ಶುರುವಾದರೆ ರಿಪೋರ್ಟಿಗೆ ಕಾಯದೆ ಕ್ಯಾಜುವಲ್ಟಿಗೆ ಹೋಗಿ, ಹೆರಿಗೆಯಲ್ಲಿ ರಕ್ತ ಹೋದ ವಿಷಯವನ್ನು ಮೊದಲು ಹೇಳಿ.