ಸಂಶೋಧನೆಗೆ ಉಷ್ಣವಲಯದ ಪ್ರಾಚೀನ ಕಾಡುಗಳನ್ನು ಆರಿಸಲೋ, ಹವಾಮಾನ ಬದಲಾವಣೆಯನ್ನೋ?

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನೀವೀಗ ಕೇಳುತ್ತಿರುವ ಪ್ರಶ್ನೆಯನ್ನೇ ನಾನೂ ಕೇಳಿಕೊಂಡು, ಕೊನೆಗೆ ನೀಲಗಿರಿಯ ಜೌಗುಮಣ್ಣನ್ನು ಆರಿಸಿಕೊಂಡೆ. ಅಲ್ಲಿ ಸುಮಾರು 2,000 ಮೀಟರ್ ಎತ್ತರದಲ್ಲಿ, ಶೋಲಾ ಎಂಬ ಗಿಡ್ಡ ಮರಗಳ ಬೆಟ್ಟದ ಕಾಡು ಮತ್ತು ಹುಲ್ಲುಗಾವಲುಗಳ ನಡುವಿನ ತಗ್ಗುಗಳಲ್ಲಿ, ಪೂರ್ತಿ ಕೊಳೆಯದ ಸಸ್ಯಾವಶೇಷಗಳು ಪದರಪದರವಾಗಿ ಕೂತು ಪೀಟ್ ಆಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಈ ಪೀಟಿನ ಇಂಗಾಲದ ಐಸೊಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು, ಸುಮಾರು 20,000 ವರ್ಷಗಳ ಸಸ್ಯವರ್ಗದ ಏರಿಳಿತವನ್ನು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆ ಲೇಖನವೇ ನನ್ನನ್ನು ಈ ದಾರಿಗೆ ಎಳೆದದ್ದು.

ವಿಧಾನ ಸರಳವಾಗಿ ಕಾಣುತ್ತದೆ. ದ್ಯುತಿಸಂಶ್ಲೇಷಣೆಯ ಬಗೆಯಿಂದ ಸಸ್ಯಗಳನ್ನು ವಿಂಗಡಿಸಿದರೆ, ಮರಗಳು ಮತ್ತು ತಂಪು ಪ್ರದೇಶದ ಹುಲ್ಲುಗಳು ಸಿ-3 ಗುಂಪಿನವು. ಅವುಗಳಲ್ಲಿನ ಇಂಗಾಲ-13 ಎಂಬ ಭಾರದ ಇಂಗಾಲದ ಮಾನ (ಒಂದು ನಿಗದಿತ ಮಾದರಿಗೆ ಹೋಲಿಸಿದ ವ್ಯತ್ಯಾಸ) ಸಾವಿರಕ್ಕೆ ಮೈನಸ್ 27ರ ಆಸುಪಾಸಿನಲ್ಲಿರುತ್ತದೆ. ಉಷ್ಣವಲಯದ ಬಹುಪಾಲು ಹುಲ್ಲುಗಳು ಸಿ-4 ಗುಂಪಿನವು, ಅವುಗಳ ಮಾನ ಮೈನಸ್ 13ರ ಸಮೀಪ; ಒಣ ಹವೆಯನ್ನು ಅವು ಚೆನ್ನಾಗಿ ತಾಳಿಕೊಳ್ಳುತ್ತವೆ. ಸುಮಾರು 20,000 ವರ್ಷಗಳ ಹಿಂದಿನ, ಹಿಮಯುಗದ ಉತ್ತುಂಗದ ಪದರಗಳಲ್ಲಿ ಸಿ-4 ಹುಲ್ಲಿನ ಗುರುತು ಕಂಡಾಗ ನಾನು ಅದನ್ನು ನೇರವಾಗಿ ‘ಮುಂಗಾರು ಕ್ಷೀಣಿಸಿತ್ತು’ ಎಂದು ಓದಿದೆ, ಮತ್ತು ನನ್ನ ಪಿಎಚ್.ಡಿ. ಪ್ರಬಂಧದ ಇಡೀ ಅಧ್ಯಾಯವನ್ನು ಆ ಒಂದು ಓದಿನ ಮೇಲೆ ಕಟ್ಟಿದೆ.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಆ ಕಾಲದಲ್ಲಿ ವಾತಾವರಣದ ಇಂಗಾಲದ ಡೈಆಕ್ಸೈಡ್ ಪ್ರಮಾಣ 190 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸಿಗೆ ಇಳಿದಿತ್ತು. ಕೈಗಾರಿಕಾ ಯುಗಕ್ಕೆ ಮುಂಚೆ ಅದು ಸುಮಾರು 280. ಅನಿಲ ಕಡಿಮೆಯಾದಾಗ ಸಿ-3 ಸಸ್ಯ ತನ್ನ ಪತ್ರರಂಧ್ರಗಳನ್ನು, ಅಂದರೆ ಎಲೆಯ ಸೂಕ್ಷ್ಮ ತೂತುಗಳನ್ನು, ಹೆಚ್ಚು ತೆರೆದಿಡಬೇಕಾಗುತ್ತದೆ, ಅದರಿಂದ ನೀರು ಕಳೆದುಕೊಳ್ಳುತ್ತದೆ. ಸಿ-4 ಸಸ್ಯವಾದರೋ ಎಲೆಯೊಳಗೇ ಆ ಅನಿಲವನ್ನು ಸಾಂದ್ರಗೊಳಿಸಿಕೊಳ್ಳಬಲ್ಲದು. ಹೀಗಾಗಿ ಮಳೆ ಒಂದಿಷ್ಟೂ ಕಡಿಮೆಯಾಗದಿದ್ದರೂ ಹುಲ್ಲಿನ ಕೈ ಮೇಲಾಗುವುದು ಸಾಧ್ಯ. ಎರಡು ಕಾರಣಗಳು ಸೇರಿ ಕೊಟ್ಟ ಒಂದು ಅಂಕಿಯನ್ನು ನಾನು ಪೂರ್ತಿಯಾಗಿ ಮಳೆಯ ಲೆಕ್ಕಕ್ಕೆ ಬರೆದಿದ್ದೆ. ಅಂದು ಯಾವ ಸಸ್ಯಗಳಿದ್ದವೆಂದು ತಿಳಿಸುವ, ಅದೇ ಪದರಗಳಲ್ಲಿ ಉಳಿದ ಪರಾಗವನ್ನು ಪ್ರತ್ಯೇಕ ಸಾಕ್ಷಿಯಾಗಿ ಮೊದಲೇ ನೋಡಿದ್ದರೆ ಎಚ್ಚರವಾಗುತ್ತಿತ್ತು; ಪರಾಗ ಸಿದ್ಧಪಡಿಸುವ ಕೆಲಸ ನಿಧಾನವೆಂದು ಮುಂದೂಡಿದ್ದೆ. ಪರೀಕ್ಷಕರು ಈ ತಪ್ಪನ್ನು ಎತ್ತಿ ತೋರಿಸಿದಾಗ ಅಧ್ಯಾಯ ಬಿದ್ದುಹೋಯಿತು, ಮತ್ತೆ ಬರೆಯುವ ಹೊತ್ತಿಗೆ ಫೆಲೋಶಿಪ್ ಮುಗಿದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ‘ಇದೋ ಅದೋ’ ಎಂಬ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಈಗ ಅದೇ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ದಾಟಿ, ತಕ್ಕಡಿ ಮರ-ಪೊದೆಗಳ ಕಡೆಗೆ ವಾಲುತ್ತಿರುವಾಗ, ಪೀಟ್ ಹೇಳುವುದು ಇಂದಿನ ಕಥೆಯನ್ನೇ. ವಸಾಹತು ಕಾಲದಲ್ಲಿ ಆಸ್ಟ್ರೇಲಿಯಾದಿಂದ ತಂದು ನೆಟ್ಟ ವ್ಯಾಟಲ್ ಮರ ನೀಲಗಿರಿಯ ಹುಲ್ಲುಗಾವಲನ್ನು ನುಂಗುತ್ತಿದೆ. ಸಾವಿರಾರು ವರ್ಷ ಹಳೆಯದಾದ ಈ ಹುಲ್ಲನ್ನು ‘ಕಾಡು ಕಡಿದು ಉಳಿದ ಬರಡು’ ಎಂದು ಭಾವಿಸಿ, ಹವಾಮಾನದ ಹೆಸರಿನಲ್ಲಿ ಸಸಿ ನೆಡಲು ಹೊರಡುವುದು ದೊಡ್ಡ ಅನ್ಯಾಯ. ಕುದುರೆಮುಖ, ಬಾಬಾಬುಡನ್‌ಗಿರಿಗಳ ಶೋಲಾ-ಹುಲ್ಲುಗಾವಲಿನ ವಿಷಯದಲ್ಲೂ ನನಗೆ ಇದೇ ಆತಂಕ.

ಯಾವುದಕ್ಕೆ ಹೆಚ್ಚು ‘ಸ್ಕೋಪ್’ ಎಂದು ತೂಗುತ್ತ ಕೂರಬೇಡಿ. ಮಾಡೆಲಿಂಗ್ ಸಾಫ್ಟ್‌ವೇರ್ ನಂತರವೂ ಕಲಿಯಬಹುದು. ಮೊದಲು ಜೀವಂತ ಸಸ್ಯದ ಶರೀರಕ್ರಿಯೆಯನ್ನು ಗಟ್ಟಿಯಾಗಿ ಓದಿ. ಮಾರ್ಗದರ್ಶಕರನ್ನು ಭೇಟಿಯಾದಾಗ, ಪರಾಗ ಮತ್ತು ಐಸೊಟೋಪ್ ಎರಡನ್ನೂ ಒಂದೇ ಮಾದರಿಯಿಂದ ತೆಗೆಯುವ ಅನುಕೂಲ ಅವರ ಪ್ರಯೋಗಾಲಯದಲ್ಲಿದೆಯೇ ಎಂದು ಕೇಳಿ; ಇಲ್ಲವೆಂದರೆ ಬೇರೆಯವರನ್ನು ಹುಡುಕಿ.