ಕಿರುಚಾಟ ಸಾಕು, ಇಸ್ತ್ರಿ ಪೆಟ್ಟಿಗೆ ತನ್ನಿ

ಗದಗಿನ ಲೇಖಕಿಯವರಿಗೆ ನಮಸ್ಕಾರ.

ರಾವೆನ್ಸ್‌ಬ್ರೂಕ್ ಅನ್ನುವ, ಹಿಟ್ಲರನ ಕಾಲದ ಜರ್ಮನಿಯ ಹೆಂಗಸರ ಸೆರೆಶಿಬಿರದಿಂದ ಬದುಕಿ ಬಂದ ಹೆಣ್ಣುಮಕ್ಕಳ ಬಗ್ಗೆ ನೀವು ಬರೆದ ಮೂರು ಅಂಕದ ನಾಟಕ ನಮ್ಮ ವಿಶೇಷಾಂಕಕ್ಕೆ ಬಂದು ಒಂದೂವರೆ ತಿಂಗಳಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಆದರೆ ಎರಡನೇ ಅಂಕದ ಮೂರನೇ ದೃಶ್ಯವನ್ನು ಕೈಬಿಡಲಿಕ್ಕೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಪತ್ರ.

ಮೊದಲು ಆ ಮುನ್ನುಡಿ ತೆಗೆಯಿರಿ. ಗದಗಿನಾಕೆ ಜರ್ಮನಿಯ ಕಥೆ ಯಾಕೆ ಬರೆದಳು ಅಂತ ಎರಡು ಪುಟ ಸಮಜಾಯಿಷಿ ಕೊಟ್ಟಿದ್ದೀರಿ. ಕೇಳಿದವರು ಯಾರು? ನಾಟಕ ನಿಂತರೆ ಯಾರೂ ಕೇಳುವುದಿಲ್ಲ, ಬಿದ್ದರೆ ಮುನ್ನುಡಿ ಎತ್ತಿ ಹಿಡಿಯುವುದಿಲ್ಲ.

ಈಗ ಆ ಮೂರನೇ ದೃಶ್ಯ. ರಾತ್ರಿ, ಹಲಗೆಯ ಮಂಚ, ಹಸಿದ ಐವರು ಹೆಂಗಸರು ಬಾಯಲ್ಲೇ ಅಡುಗೆ ಮಾಡುತ್ತಾರೆ. ಶಿಬಿರಗಳಲ್ಲಿ ನಿಜವಾಗಿಯೂ ಹಾಗೆ ಮಾಡುತ್ತಿದ್ದರು. ಒಬ್ಬಾಕೆ ಕಣಕಕ್ಕೆ ಬೆಣ್ಣೆ ಹಾಕುವುದನ್ನು ಹೇಳುತ್ತಾಳೆ. ಇನ್ನೊಬ್ಬಾಕೆ, ‘ಅಷ್ಟ್ ಬೆಣ್ಣಿ ಹಾಕಿದ್ರ ಹಿಟ್ಟು ನಿಲ್ಲಂಗಿಲ್ಲ’ ಅನ್ನುತ್ತಾಳೆ. ಮೂರನೆಯಾಕೆ, ‘ನಿಮ್ಮ ಮನ್ಯಾಗ ಬೆಣ್ಣಿ ಎಲ್ಲಿತ್ತವಾ, ನೀ ಹೇಳಾಕಿ’ ಅಂತ ಚುಚ್ಚುತ್ತಾಳೆ. ಜಗಳ ಹತ್ತುತ್ತದೆ. ಇಲ್ಲದ ಬೆಣ್ಣೆಗೆ ಜಗಳ! ಓದುತ್ತಾ ನಕ್ಕೆ, ನಕ್ಕ ಮೇಲೆ ಪುಟ ತಿರುಗಿಸಲಿಕ್ಕೆ ಆಗಲಿಲ್ಲ.

ಗಮನಿಸಿದಿರಾ, ಆ ಒಂದು ದೃಶ್ಯದಲ್ಲಿ ಮಾತ್ರ ನಿಮ್ಮ ಪಾತ್ರಗಳು ನಿಮ್ಮ ಮನೆಯ ಮಾತು ಆಡಿವೆ. ಉಳಿದ ಕಡೆ ‘ಓ ಸ್ವಾತಂತ್ರ್ಯವೇ, ನೀನೆಲ್ಲಿ ಅಡಗಿರುವೆ?’ ಇಂಥದ್ದೇ. ಹಾಜರಿಗೆ ನಾಲ್ಕು ತಾಸು ಚಳಿಯಲ್ಲಿ ನಿಂತವಳು ಸ್ವಾತಂತ್ರ್ಯವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಪಕ್ಕದವಳ ಭುಜಕ್ಕೆ ಆತುಕೊಳ್ಳುತ್ತಾಳೆ. ಪೋಲೆಂಡಿನವರು, ಫ್ರಾನ್ಸಿನವರು, ರಷ್ಯದವರು, ಜರ್ಮನರೇ ಆದವರು, ಹೀಗೆ ಹತ್ತಾರು ಭಾಷೆ ಆ ಶಿಬಿರದಲ್ಲಿತ್ತು. ಒಂದು ಪ್ರಯೋಗ ಮಾಡಿ ನೋಡಿ: ಪೋಲಿಷ್ ಹೆಂಗಸರಿಗೆ ಗದಗಿನ ಕನ್ನಡ ಕೊಡಿ, ಫ್ರೆಂಚರಿಗೆ ಮೈಸೂರಿನದು. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿದು ಅರ್ಧ ತಿಳಿಯದೆ ನಡೆಯುವ ತಮಾಷೆ ತಾನಾಗಿ ಬರುತ್ತದೆ. ಆ ಗ್ರಾಂಥಿಕ ಭಾಷೆ ಕಾವಲಿನವರ ಬಾಯಿಗೆ ಇರಲಿ, ಅವರಿಗೆ ಒಪ್ಪುತ್ತದೆ.

ಕಾವಲಿನವರು ಅಂದಾಗ ನೆನಪಾಯಿತು. ಮೀಸೆ ತಿರುವುವ, ಬೂಟು ಒದರುವ ಗಂಡಸರನ್ನು ತಂದಿದ್ದೀರಿ, ಥೇಟ್ ಕಂಪನಿ ನಾಟಕದ ಖಳರು. ರಾವೆನ್ಸ್‌ಬ್ರೂಕ್‌ನಲ್ಲಿ ಮೇಲಧಿಕಾರಿಗಳು ಗಂಡಸರು ಹೌದು. ಆದರೆ ಒಳಗೆ ದಿನಾ ಎಣಿಸುವವರು, ಹೊಡೆಯುವವರು, ನಾಯಿ ಹಿಡಿದು ನಿಲ್ಲುವವರು ಹೆಂಗಸರೇ. ಬೇರೆ ಶಿಬಿರಗಳಿಗೆ ಬೇಕಾದ ಕಾವಲುಗಾರ್ತಿಯರ ತರಬೇತಿಯೂ ಅಲ್ಲೇ ಆಗುತ್ತಿತ್ತು. ನಿಮ್ಮ ನಾಟಕದ ಅತಿ ಕಠಿಣ ಪ್ರಶ್ನೆ ಇದು, ಅದನ್ನು ಮೀಸೆ ಅಂಟಿಸಿ ಮುಚ್ಚಿಬಿಟ್ಟಿರಿ.

ಇನ್ನೊಂದು ತಪ್ಪು. ಟಿಪ್ಪುವಿನ ವಂಶದವಳು ಅನ್ನುವ ಅಭಿಮಾನಕ್ಕೆ ಬ್ರಿಟಿಷರ ಗೂಢಚಾರಿಣಿಯಾಗಿದ್ದ ನೂರ್ ಇನಾಯತ್ ಖಾನ್ ಅವರನ್ನು ಈ ಬ್ಯಾರಕ್ಕಿಗೆ ಕರೆತಂದಿದ್ದೀರಿ. ಆಕೆ ಅಲ್ಲಿರಲಿಲ್ಲ. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಸಂಕೋಲೆ ಹಾಕಿ ಇಟ್ಟಿದ್ದರು, 1944ರ ಸೆಪ್ಟೆಂಬರ್ 13ರಂದು ದಾಹೌ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. ಬದುಕಿ ಬಂದವರ ನಾಟಕದಲ್ಲಿ ಆಕೆಗೆ ಜಾಗ ಇಲ್ಲ. ಬೇಕಿದ್ದರೆ ಬೇರೆ ನಾಟಕ ಬರೆಯಿರಿ.

ಈಗ ನನಗೆ ನಿಜವಾಗಿ ಸಿಟ್ಟು ತರಿಸಿದ ಜಾಗಕ್ಕೆ ಬರುತ್ತೇನೆ. 1942ರಿಂದ ಅಲ್ಲಿನ ವೈದ್ಯರು 74 ಪೋಲಿಷ್ ಹೆಣ್ಣುಮಕ್ಕಳ ಕಾಲು ಕೊಯ್ದು, ಗಾಯಕ್ಕೆ ರೋಗಾಣು ತುಂಬಿ, ಕೆಲವರಿಗೆ ಕಟ್ಟಿಗೆ ಚೂರು, ಗಾಜಿನ ಚೂರು ಇಟ್ಟು ಔಷಧದ ಪರೀಕ್ಷೆ ನಡೆಸಿದರು. ಆ ಹುಡುಗಿಯರು ತಮ್ಮನ್ನು ಮೊಲಗಳು ಅಂತಲೇ ಕರೆದುಕೊಂಡರು. ನೀವು ಇದನ್ನು ಪರದೆಯ ಹಿಂದಿನ ಒಂದು ಕಿರುಚಾಟಕ್ಕೆ ಮುಗಿಸಿದ್ದೀರಿ. ಧಾರವಾಡದ ಕಲಾಭವನದ ಕೊನೇ ಸಾಲಿನವನಿಗೆ ಆ ಕಿರುಚು ಕೇಳುತ್ತದೆ, ಸರಿ. ಕೇಳಿ ಏನು ಮಾಡಬೇಕು ಆತ?

ಆ ಹುಡುಗಿಯರು ಏನು ಮಾಡಿದರು ನೋಡಿ. ಮನೆಗೆ ಪತ್ರ ಬರೆಯಲಿಕ್ಕೆ ಪರವಾನಗಿ ಇತ್ತು, ಜರ್ಮನ್ ಭಾಷೆಯಲ್ಲಿ, ತಪಾಸಣೆಯ ಮೇಲೆ. ‘ಕ್ಷೇಮವಾಗಿದ್ದೇನೆ’ ಅನ್ನುವ ಸಾಲುಗಳ ನಡುವೆ ತಮ್ಮ ಮೂತ್ರದಲ್ಲಿ ಕಡ್ಡಿ ಅದ್ದಿ ಇನ್ನೊಂದು ಪತ್ರ ಬರೆದರು: ಯಾರ ಕಾಲು ಕೊಯ್ದರು, ಯಾರನ್ನು ಕೊಂದರು. ಮನೆಯಲ್ಲಿ ಕಾಗದಕ್ಕೆ ಇಸ್ತ್ರಿ ಕಾವು ತಾಕಿದರೆ ಅಕ್ಷರ ಕಂದಾಗಿ ಮೂಡುತ್ತಿತ್ತು.

ತಂಗೀ, ಇದಕ್ಕಿಂತ ದೊಡ್ಡ ರಂಗಪರಿಕರ ಯಾವ ನಾಟಕಕಾರನಿಗೆ ಸಿಕ್ಕೀತು! ಪೋಲೆಂಡಿನ ಲೂಬ್ಲಿನ್ ಊರಿನ ಒಂದು ಮನೆ. ಒಬ್ಬ ತಾಯಿ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಅಂಗಿಗೆ ಇಸ್ತ್ರಿ ಮಾಡುತ್ತಾ ಮಾಡುತ್ತಾ ಕಾಗದದ ಮೇಲೂ ಒಂದು ಸಲ ಎಳೆಯುತ್ತಾಳೆ. ಸುಡಬಾರದು, ಸುಟ್ಟರೆ ಮಗಳ ಮಾತೇ ಹೋಯಿತು. ಕಾವು ಕಡಿಮೆಯಾದರೆ ಅಕ್ಷರ ಏಳುವುದಿಲ್ಲ. ಅವಳು ಬೆರಳಿಗೆ ಎಂಜಲು ಹಚ್ಚಿ ತಳ ಮುಟ್ಟಿ ನೋಡಲಿ, ಚುಂಯ್ ಅನ್ನಲಿ. ಮಾತು ಬೇಡವೇ ಬೇಡ.

ಇನ್ನು 1945ರ ಫೆಬ್ರುವರಿ. ಮೊಲಗಳನ್ನು ಮುಗಿಸುತ್ತಾರೆ ಅನ್ನುವ ಸುದ್ದಿ ಬಂದಾಗ ಉಳಿದ ಕೈದಿಗಳು ಅವರನ್ನು ಬೇರೆ ಬೇರೆ ಬ್ಯಾರಕ್ಕುಗಳಲ್ಲಿ ಬಚ್ಚಿಟ್ಟರು, ನಂಬರು ಅದಲು ಬದಲು ಮಾಡಿದರು. ಹಾಜರಿ ಕೂಗುವ ಹೊತ್ತಿಗೆ ಒಬ್ಬಳ ನಂಬರಿಗೆ ಇನ್ನೊಬ್ಬಳು ಓ ಅನ್ನುತ್ತಾಳೆ. ನಿಮ್ಮ ಹತ್ತು ಪುಟದ ಭಾಷಣದ ಬದಲು ಅದು ಸಾಕು.

ನಗು ಹೆಚ್ಚಾದರೆ ಅಪಚಾರ ಅಂತ ಹೆದರಿದ್ದೀರೇನೋ. ಫ್ರಾನ್ಸಿನ ಜೆರ್ಮೇನ್ ತಿಲಿಯೋಂ 1944ರಲ್ಲಿ ಅದೇ ಶಿಬಿರದಲ್ಲಿ, ಸರಕಿನ ಪೆಟ್ಟಿಗೆಯೊಳಗೆ ಅಡಗಿ ಕೂತು ಒಂದು ಹಾಸ್ಯದ ಸಂಗೀತ ನಾಟಕ ಬರೆದರು, ಗೆಳತಿಯರನ್ನು ನಗಿಸಲಿಕ್ಕೆ. 2007ರಲ್ಲಿ ಅದು ಪ್ಯಾರಿಸ್ಸಿನ ರಂಗಕ್ಕೆ ಬಂದಾಗ ಅವರಿಗೆ ನೂರು ವರ್ಷ. ಅಲ್ಲಿದ್ದವರೇ ನಕ್ಕಿದ್ದಾರೆ, ನಿಮಗ್ಯಾಕೆ ಮುಜುಗರ?

ಕೊನೆಯ ಅಂಕ 1945ರ ಏಪ್ರಿಲ್ 30ಕ್ಕೆ, ಕೆಂಪು ಸೇನೆ ಬಂದು ಬಾಗಿಲು ತೆಗೆಯುವುದಕ್ಕೆ ನಿಲ್ಲುತ್ತದೆ. ‘ಬದುಕಿ ಬಂದವರು’ ಅಂತ ಹೆಸರಿಟ್ಟು, ಬಂದ ಮೇಲೆ ಏನಾಯಿತು ಅನ್ನುವುದನ್ನೇ ಬಿಟ್ಟಿದ್ದೀರಿ. ಕುಂಟುತ್ತಾ ಮನೆಗೆ ಬಂದವಳು ಅಡುಗೆಮನೆಯಲ್ಲಿ ಬೆಣ್ಣೆಯ ಭರಣಿ ಮುಂದೆ ನಿಂತರೆ ಏನು ಮಾಡುತ್ತಾಳೆ? ನನಗೆ ಅದು ಬೇಕು.

ಹಸ್ತಪ್ರತಿಯನ್ನು ಅಂಚೆಗೆ ಹಾಕಿದ್ದೇನೆ, ಬೆಣ್ಣೆಯ ದೃಶ್ಯದ ಪುಟಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನೀವು ಒಪ್ಪಿದರೆ ಅಷ್ಟನ್ನು ಬಿಡಿ ದೃಶ್ಯವಾಗಿ ಈ ಸಂಚಿಕೆಗೇ ಹಾಕುತ್ತೇನೆ. ಕೊನೆಯಲ್ಲಿ ಒಬ್ಬಾಕೆ ಪ್ರೇಕ್ಷಕರ ಕಡೆ ತಿರುಗಿ ಹಸಿವಿನ ಬಗ್ಗೆ ಹೇಳುವ ನಾಲ್ಕು ಸಾಲು ಹೊಡೆದುಹಾಕಿದ್ದೇನೆ. ಪೆನ್ಸಿಲ್ ಗುರುತು ನನ್ನದು, 41ನೇ ಪುಟದ ಮೇಲಿನ ಚಹಾದ ಕಲೆಯೂ ನನ್ನದೇ.